ಈಶಾನ್ಯ ಮೂಲೆಯ ತಾಮ್ರದ ವೈರು

ನಮ್ಮ ಅತ್ತೆಯವರ ಬಲಗೈಯನ್ನು ಭೂಮಿತಾಯಿ ಹಿಡಿದುಕೊಂಡದ್ದು ಸಾಂಟಾ ಕ್ಲಾರಾದ ನಮ್ಮ ಹಿತ್ತಲಲ್ಲಿ, ಹೋದ ಶನಿವಾರ ಬೆಳಿಗ್ಗೆ. ಹಾಗಂತ ಅವರು ಹಾಸನದ ನೆಂಟರಿಗೆಲ್ಲ ಫೋನು ಮಾಡಿ ಹೇಳಿಯಾಗಿದೆ. ಹಿಡಿದದ್ದು ಭೂಮಿತಾಯಿಯಲ್ಲ ಎಂದು ಗೊತ್ತಿರುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಎಲೆಕ್ಟ್ರಿಷಿಯನ್ ಮಾರ್ಕೋ.

ಮೊದಲಿಂದ ಹೇಳುತ್ತೇನೆ. ಅತ್ತೆಯವರಿಗೆಂದೇ ಹಿತ್ತಲಲ್ಲಿ ಒಂದು ಪುಟ್ಟ ಮನೆ ಕಟ್ಟಿಸುತ್ತಿದ್ದೇವೆ. (ಪರ್ಮಿಟ್ ಸಿಗುವ ಹೊತ್ತಿಗೆ ನನ್ನ ಅರ್ಧ ಕೂದಲು ಹೋಗಿತ್ತು, ಆ ಕಥೆ ಬೇಡ.) ಕೆಲಸಕ್ಕೆ ಕರೆಂಟು ಬೇಕಲ್ಲ? ಮಾರ್ಕೋ ಸೈಟಿನ ಮೂಲೆಯಲ್ಲಿ ಮರದ ಕಂಬ ನೆಟ್ಟು, ಅದಕ್ಕೆ ಕಬ್ಬಿಣದ ಪೆಟ್ಟಿಗೆ ಕೂರಿಸಿ, ತಾತ್ಕಾಲಿಕ ಸಪ್ಲೈ ಕೊಟ್ಟ. ಪಕ್ಕದಲ್ಲೇ ಆಳೆತ್ತರಕ್ಕಿಂತ ಉದ್ದದ ತಾಮ್ರದ ರಾಡನ್ನು ನೆಲಕ್ಕೆ ಹೊಡೆದು, ಪೆಟ್ಟಿಗೆಯಿಂದ ಅದಕ್ಕೊಂದು ಬರಿ ತಾಮ್ರದ ವೈರು ಬಿಗಿದ. ಅದೇ ಅರ್ತಿಂಗು.

ಆ ಮೂಲೆ ಯಾವುದು? ಈಶಾನ್ಯ. ಗುದ್ದಲಿ ಪೂಜೆಗೆ ಕಲಶ ಇಡಬೇಕಾದದ್ದೂ ಅಲ್ಲೇ.

"ಕಲಶದ ಹತ್ರ ವೈರು ಗೀರು ಬೇಡ, ಜಾಗ ಶುದ್ಧವಾಗಿರ್ಲಿ," ಎಂದು ಪುರೋಹಿತರು ವೀಡಿಯೋ ಕಾಲಿನಲ್ಲಿ ನೋಡಿ ಹೇಳಿದರು. ರಾಡು ಕೀಳಲು ಬರಲಿಲ್ಲ. ಕ್ಲ್ಯಾಂಪು ಸಡಿಲಿಸಿ ವೈರು ಬಿಚ್ಚಿದೆ, ನೀಟಾಗಿ ಸುತ್ತಿ ಕಂಬಕ್ಕೆ ಕಟ್ಟಿದೆ. ರಾಡಿನ ತುದಿ ಕಾಣದ ಹಾಗೆ ಬಾಳೆಎಲೆ ಹಾಸಿದೆ. ಒಂದು ಗಂಟೆಯ ಮಾತು ತಾನೇ? ಇಪ್ಪತ್ತು ವರ್ಷ ಚಿಪ್ ಡಿಸೈನ್ ಮಾಡಿದವನ ಬುದ್ಧಿ ಇದು.

ಪೂಜೆ ಚೆನ್ನಾಗೇ ಆಯಿತು. ಮಂತ್ರಕ್ಕೆ ಮೈಕು, ಕಾಫಿಗೆ ಎಲೆಕ್ಟ್ರಿಕ್ ಕೆಟಲ್ಲು, ಎರಡೂ ಆ ಪೆಟ್ಟಿಗೆಯಿಂದಲೇ. ಅತ್ತೆ ಬರಿಗಾಲಲ್ಲಿ ಬಗ್ಗಿ ಗುಂಡಿಗೆ ಹಾಲು, ನೀರು ಎರೆದರು. ಸುತ್ತೆಲ್ಲ ಕೆಸರು. ಮೇಲೇಳುವಾಗ ಆಸರೆಗೆಂದು ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟಿದವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಅಳಿಯಂದ್ರೇ, ಯಾರೋ ಕೈ ಹಿಡ್ಕೊಂಡಂಗಾಯ್ತು ಕಣ್ರೀ. ಮೊಣಕೈವರ್ಗೂ."

"ಭೂಮಿತಾಯಿ ಒಪ್ಕೊಂಡ್ಲು ಬಿಡಮ್ಮ," ಎಂದಳು ನನ್ನ ಹೆಂಡತಿ ಸುಮಾ. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ. ಆಮೇಲೆ ಉಪ್ಪಿಟ್ಟು ಬಡಿಸುವ ಗಡಿಬಿಡಿಯಲ್ಲಿ ವೈರು ಮರೆತೇಹೋಯಿತು.

ಸೋಮವಾರ ಮಾರ್ಕೋ ಬಂದ. ಪೆಟ್ಟಿಗೆಗೆ ಟೆಸ್ಟರ್ ಹಿಡಿದವನ ಮುಖ ಬಿಳಿಚಿಕೊಂಡಿತು. ಮೇನ್ ಸ್ವಿಚ್ಚು ಆಫ್ ಮಾಡಿ ಆಮೇಲೇ ಮುಚ್ಚಳ ತೆಗೆದ. ಒಳಗೆ ನ್ಯೂಟ್ರಲ್ ವೈರು ಸಡಿಲವಾಗಿತ್ತು. ("ಅದು ನನ್ನ ತಪ್ಪು," ಎಂದ.) ವಾಪಸು ಹೋಗಬೇಕಾದ ಕರೆಂಟು ಪೆಟ್ಟಿಗೆಯ ಮೈಗೆ ಬರುತ್ತಿತ್ತು. ಅದನ್ನು ನೆಲಕ್ಕಿಳಿಸಬೇಕಾದ ವೈರು ಕಂಬದ ಮೇಲೆ ಹಾಯಾಗಿ ಕೂತಿತ್ತು.

"ಇದನ್ನ ಯಾರು ಬಿಚ್ಚಿದ್ದು?"

"ಗಾಳಿಗೇನಾದ್ರೂ..." ಎಂದೆ. ಅವನು ನಾನು ಹಾಕಿದ್ದ ಗಂಟನ್ನು ನೋಡಿದ, ನನ್ನನ್ನೂ ನೋಡಿದ. ಒಪ್ಪಿಕೊಂಡೆ.

ಅವನು ಬೈಯಲಿಲ್ಲ. "ಯಾರಾದ್ರೂ ಮುಟ್ಟಿದ್ರಾ?" ಎಂದಷ್ಟೇ ಕೇಳಿದ. (ಕೇಳಿದ್ದು ಇಂಗ್ಲಿಷಿನಲ್ಲಿ. ಭಯವಾದದ್ದು ಕನ್ನಡದಲ್ಲೇ.) ಬರಿಗಾಲು, ಕೆಸರು, ಒದ್ದೆ ಕೈ, ಎಪ್ಪತ್ತನಾಲ್ಕು ವರ್ಷ, ಎದೆಯಲ್ಲಿ ಎರಡು ಸ್ಟೆಂಟು. ಅತ್ತೆಯ ವಿಷಯ ಒಂದೊಂದಾಗಿ ಹೇಳಿದೆ.

"ನ್ಯೂಟ್ರಲ್ ಪೂರ್ತಿ ಕಳಚಿದ್ದಿದ್ರೆ, ಅವ್ರಿಗೆ ಕೈ ಬಿಡಿಸ್ಕೊಳ್ಳೋಕೆ ಆಗ್ತಿರಲಿಲ್ಲ," ಎಂದ.

ಕೆಲಸ ಮಾಡದಂತೆ ಕಾಣುವ ವಸ್ತು ಎಂದರೆ ನಮಗೆಷ್ಟು ಸಸಾರ! ಒಗ್ಗರಣೆಗೆ ಕೂಗುತ್ತದೆಂದು ಸ್ಮೋಕ್ ಅಲಾರಮ್ಮಿನ ಬ್ಯಾಟರಿ ಕಿತ್ತಿಡದ ಕನ್ನಡಿಗರ ಮನೆ ಈ ಊರಿನಲ್ಲಿ ಎಷ್ಟಿದೆ? ನಾನು ಕಿತ್ತಿದ್ದೆ. ಸೋಮವಾರ ಸಂಜೆ ವಾಪಸು ಹಾಕಿದೆ.

ಈಗ ವೈರು ಬಿಗಿದಾಗಿದೆ, ನ್ಯೂಟ್ರಲ್ ಸರಿಯಾಗಿದೆ, ಪೆಟ್ಟಿಗೆಗೆ ಬೀಗ ಬಿದ್ದಿದೆ. ಆದರೂ ದಿನಕ್ಕೆ ನಾಲ್ಕು ಸಲ ಮೀಟಿಂಗಿನ ಮಧ್ಯೆ ಎದ್ದು ಹೋಗಿ ಕ್ಲ್ಯಾಂಪು ನೋಡಿ ಬರುತ್ತೇನೆ. ಅತ್ತೆಗಾಗಲಿ ಸುಮಾಗಾಗಲಿ ಹೇಳಿಲ್ಲ. ಅವರ ಖುಷಿ ಹಾಳಾಗದಿರಲಿ ಎಂದಲ್ಲ. ಹೆದರಿಕೆ, ಅಷ್ಟೇ.

ನಿನ್ನೆ ಕಾಫಿ ಕುಡಿಯುತ್ತ ಅತ್ತೆ ಹೇಳಿದರು: "ಬಾಗ್ಲು ಇಡೋ ಪೂಜೆ ದಿನಾನೂ ನನ್ನ ಅಲ್ಲೇ ನಿಲ್ಸಿ ಅಳಿಯಂದ್ರೇ. ಈ ಸಲ ಎರಡೂ ಕೈಯಲ್ಲಿ ಹಿಡ್ಕೋತೀನಿ."

ಪ್ರತಿ ವಾರ ಈ ಅಂಕಣವನ್ನು ಅತ್ತೆಗೆ ಓದಿ ಹೇಳುವವನು ನಾನೇ. ಈ ವಾರ ಯಾವ ಮುಖ ಇಟ್ಟುಕೊಂಡು ಓದಲಿ?