ಸೂಳಗಿರಿಯಲ್ಲಿ ನಿಂತ ಚುಕ್ಕೆ

ಭೂಮಿಕಾಳ ಕೆಲಸವನ್ನು ಅವಳ ಅತ್ತೆ ಸಾಕಮ್ಮ ಬೀದಿಯ ಹೆಂಗಸರಿಗೆ "ಫೋನು ಮೇಯಿಸೋ ಕೆಲ್ಸ" ಎಂದು ಹೇಳುತ್ತಾರೆ. ತಪ್ಪೇನಿಲ್ಲ. ಹೊಸೂರಿನ ಒಂದು ಗುತ್ತಿಗೆ ಕಂಪನಿಯ ವ್ಯಾನಿನಲ್ಲಿ ಹತ್ತಾರು ಫೋನುಗಳ ನಡುವೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಊರೂರು ಸುತ್ತುತ್ತಾಳೆ. ವ್ಯಾನು ಓಡುತ್ತಿರುವಾಗ ಮಾತು, ವಿಡಿಯೊ, ಮ್ಯಾಪು ಯಾವುದೂ ಕಡಿಯಬಾರದು. ಈಗ ಕೆಲವು ಟವರುಗಳ ಬುಡದಲ್ಲೇ ಸಣ್ಣ ಸರ್ವರುಗಳನ್ನು ಇಟ್ಟಿದ್ದಾರೆ. ಹತ್ತಿರವಿರುವಷ್ಟು ಹೊತ್ತು ಫೋನಿನ ಬೇಕುಬೇಡಗಳನ್ನು ಅವೇ ನೋಡಿಕೊಳ್ಳುತ್ತವೆ. ಫೋನು ದೂರ ಹೋದರೆ ಇನ್ನೆಲ್ಲೋ ಇರುವ ದೊಡ್ಡ ಕ್ಲೌಡಿಗೆ ಒಪ್ಪಿಸಬೇಕು. ಕಂಕುಳ ಕೂಸನ್ನು ಇನ್ನೊಬ್ಬರಿಗೆ ಕೊಟ್ಟ ಹಾಗೆ. ಅವರು ಹಿಡಿದುಕೊಂಡರು ಎಂದು ಖಾತ್ರಿಯಾಗುವವರೆಗೆ ಕೈ ಬಿಡುವಂತಿಲ್ಲ. ಎಲ್ಲಿ ಕೈ ಜಾರುತ್ತದೆ ಎಂದು ಹುಡುಕುವುದು ಅವಳ ಸಂಬಳದ ಕೆಲಸ.

ಸಂಬಳವಿಲ್ಲದ ಕೆಲಸ ನಸುಕಿಗೇ ಶುರುವಾಗುತ್ತದೆ. ನೀರು ಹಿಡಿದು, ಮುದ್ದೆ ತೊಳಸಿ, ಗಂಡನ ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆ ಎತ್ತಿಟ್ಟು ಹೊರಟರೂ ಅದು ಮುಗಿಯುವುದಿಲ್ಲ. ಜೀರಿಗೆ ಎಲ್ಲಿದೆ, ಮೋಟರಿನ ಸ್ವಿಚ್ ಯಾವುದು ಎಂದು ಕೇಳುವ ಕರೆಗಳಾಗಿ ವ್ಯಾನಿಗೂ ಬರುತ್ತದೆ. ಮಾಲೂರಿನಿಂದ ಇಲ್ಲಿಗೆ ಬಂದು ಫ್ಯಾಕ್ಟರಿ ಸೇರಿರುವ ಗಂಡ ಚಿರಂಜೀವಿ ಅವಳ ಕೆಲಸಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅವಳೆಲ್ಲಿದ್ದಾಳೆ ಎನ್ನುವುದು ಸದಾ ಅವನ ಫೋನಿನ ಮ್ಯಾಪಿನಲ್ಲಿ ಚುಕ್ಕೆಯಾಗಿ ಕಾಣುತ್ತಿರಬೇಕು. ಕಾಣದಿದ್ದ ದಿನವೇ ಕೆಲಸ ಬಿಡಬೇಕು.

ಆ ಮಂಗಳವಾರ ಸೂಳಗಿರಿಯ ಹೊಸ ಸರ್ವರಿನಿಂದ ಪರೀಕ್ಷೆ ಶುರುವಾಯಿತು. ಟವರಿನ ಪಕ್ಕದ ಲಾಡ್ಜಿನ ಮುಂದೆ ಟೀ ಕುಡಿದು, ಉದ್ದನಪಲ್ಲಿ ಹಾದು, ಅಂಚೆಟ್ಟಿ ದಾಟಿ ಕಾಡಿಗೆ ಬಿದ್ದರು. ಕಾಡಿನಲ್ಲಿ ಸಿಗ್ನಲ್ ಸತ್ತಿತು. ನಾಟ್ರಾಂಪಾಳ್ಯ ಮುಟ್ಟುತ್ತಿದ್ದಂತೆ ಅವಳ ಸ್ವಂತ ಫೋನು ಒಂದೇ ಸಮನೆ ನಡುಗತೊಡಗಿತು. ಎಲ್ಲವೂ ಚಿರಂಜೀವಿಯ ಕರೆಗಳು. ನೋಡುತ್ತಿರುವಾಗಲೇ ಮತ್ತೊಂದು ಬಂತು.

"ಎಲ್ಲಿದೀಯ?"

"ನಾಟ್ರಾಂಪಾಳ್ಯ. ಕಾಡಲ್ಲಿ ಸಿಗ್ನಲ್ ಇರ್ಲಿಲ್ಲ."

"ನಾನು ಪರ್ಮಿಶನ್ ಹಾಕಿ ಬಂದು ಸೂಳಗಿರಿ ಲಾಡ್ಜ್ ಮುಂದೆ ನಿಂತಿವ್ನಿ. ನಿನ್ ಚುಕ್ಕೆ ಇಲ್ಲೇ ಐತೆ. ಯಾವ ರೂಮು, ಅಷ್ಟು ಹೇಳು."

ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಮ್ಯಾಪಿನ ಮಟ್ಟಿಗೆ ಸೂಳಗಿರಿಯ ಸರ್ವರು ಅವಳನ್ನು ಮುಂದಕ್ಕೆ ಒಪ್ಪಿಸದೆ, ಟೀ ಕುಡಿದ ಜಾಗದಲ್ಲೇ ಹಿಡಿದಿಟ್ಟುಕೊಂಡಿದೆ. ಫೋನು ಆರಿಸಿ ಹೊತ್ತಿಸಿದರೆ ಬಿಡುತ್ತದೆ. ಆದರೆ ಈಗ ಆರಿಸುವುದೆಂದರೆ ಅವನ ಮುಖಕ್ಕೇ ಬಾಗಿಲು ಹಾಕಿದಂತೆ. ಡ್ರೈವರ್ ಮುನಿಯಲ್ಲಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಗಾಬರಿಯಿಂದ ಕೈ ಅಡ್ಡ ಹಿಡಿದಳು. ಗಂಡಸಿನ ದನಿ ಕೇಳಿಸಿದರೆ ಮುಗಿಯಿತು.

ರಸ್ತೆಗೆ ಹುರುಳಿ ಹರಡಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಭೂಮಿಕಾ ಇಳಿದು ಓಡಿದಳು.

"ಅಕ್ಕಾ, ನಿಮ್ ಫೋನ್ ಕೊಡ್ತೀರಾ? ನಮ್ಮನೆಯವ್ರು... ನಾನು ಇಲ್ಲಿಲ್ಲ ಅಂತವ್ರೆ."

"ಇಲ್ದೆ ನನ್ ಹುರುಳಿ ತುಳೀತಿರೋದು ಯಾರು, ದೆವ್ವಾನಾ?" ಎನ್ನುತ್ತಲೇ ಹೆಂಗಸು ಬಟನ್ ಫೋನು ತೆಗೆದುಕೊಟ್ಟಳು.

ಅದರಲ್ಲಿ ಚಿರಂಜೀವಿ ಸಿಕ್ಕಿ ಮಾತಾಡುವವರೆಗೂ ಭೂಮಿಕಾ ತನ್ನ ಕರೆಯನ್ನು ಕಡಿಯಲಿಲ್ಲ. ಆಮೇಲೆ ತನ್ನ ಫೋನು ಆರಿಸಿ ಹೊತ್ತಿಸಿದಳು.

"ಯಾರ್ರೀ ಇದು?" ಬಟನ್ ಫೋನು ಊರಿಗೆಲ್ಲ ಕೇಳುವಂತೆ ಕೂಗಿತು.

"ಗೋವಿಂದಮ್ಮ ಕಣಪ್ಪ, ನಾಟ್ರಾಂಪಾಳ್ಯ. ನಿನ್ ಹೆಂಡ್ರು ಇಲ್ಲೇ ಅವ್ಳೆ, ಗಡಗಡ ಅಂತ ನಡುಗ್ತಾವ್ಳೆ. ನೀನೆಲ್ಲಿದೀಯಾ?"

"ಲಾಡ್ಜ್ ಹತ್ರ."

"ಹಗಲೊತ್ತು ಲಾಡ್ಜ್ ತಾವ ನಿಂಗೇನಪ್ಪ ಕೆಲ್ಸ? ಹೆಂಡ್ರಿಗೆ ಹೇಳಿ ಹೋಗಿದ್ಯಾ?"

ಮುನಿಯಲ್ಲಪ್ಪ ನಕ್ಕುಬಿಟ್ಟ. ಭೂಮಿಕಾಳಿಗೆ ನಗು ಬರಲಿಲ್ಲ. ಅವಳ ಫೋನಿನ ಪರದೆಯ ಮೇಲೆ ಅದರ ಕಂಪನಿಯ ಗುರುತು ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ಕೊನೆಗೆ ಸಿಗ್ನಲ್ಲಿನ ಕಡ್ಡಿಗಳು ಎದ್ದವು. "ಈಗ ನೋಡಿ," ಎಂದು ಗೋವಿಂದಮ್ಮನ ಭುಜದ ಮೇಲಿಂದ ಕೂಗಿದಳು.

ಆ ಕಡೆಯಿಂದ ಚಿರಂಜೀವಿ, "ಹ್ಞೂಂ, ಅಲ್ಲಿಗೆ ಬಂತು. ಅಕ್ಕಿ ಮುಗ್ದೈತಂತೆ, ಅಮ್ಮ ಹೇಳ್ತು. ಬರ್ತಾ ತಗೊಂಡ್ ಬಾ."

ಅಷ್ಟೇ. ಅವಳು ಕಂಪನಿಗೆ ಫೋನು ಮಾಡಿ ದೋಷ ತಿಳಿಸಿದಳು. ಮೇಲಿನವರು ಹಿಗ್ಗಿದರು, ಸರಿಪಡಿಸಿ ಬರುವ ಮಂಗಳವಾರ ಇದೇ ದಾರಿಯಲ್ಲಿ ಮತ್ತೆ ನೋಡೋಣ, ನೀವೇ ಹೋಗಿ ಎಂದರು. ಹ್ಞೂಂ ಎಂದಳು. ವಾಪಸಿನ ಕಾಡಿನುದ್ದಕ್ಕೂ, ತಾನೀಗ ಅವನ ಕಣ್ಣಿಗೆ ಎಲ್ಲಿ ನಿಂತಿರಬಹುದು ಎಂದೇ ಯೋಚಿಸಿದಳು. ಯಾವ ಮರದ ಕೆಳಗೆ, ಯಾರ ಮನೆಯಲ್ಲಿ?

"ನಾನೊಂದ್ಸಲ ಬಂದು ಯಜಮಾನ್ರಿಗೆ ಹೇಳ್ಲಾ, ಅಮ್ಮಾ?" ಎಂದ ಮುನಿಯಲ್ಲಪ್ಪ.

"ನೀವು ಬರೋದೇ ಬೇಡ, ಅಣ್ಣ."

ಸಂಜೆ ಅಕ್ಕಿಯ ಚೀಲ ಇಳಿಸುವಾಗ ಚಿರಂಜೀವಿ ಟಿವಿ ನೋಡುತ್ತಲೇ ಹೇಳಿದ, "ಇನ್ಮೇಲೆ ಫೀಲ್ಡ್ ಬೇಡ. ಆಫೀಸಲ್ಲೇ ಕೂರೋ ಕೆಲ್ಸ ಕೇಳು, ಇಲ್ದಿದ್ರೆ ಬಿಡು."

"ಮಂಗಳವಾರ ಮತ್ತೆ ಅದೇ ರೂಟು. ಒಪ್ಕೊಂಡಿದೀನಿ."

"ಮತ್ತೆ ಎಲ್ಲಾದ್ರೂ ಚುಕ್ಕೆ ನಿಂತ್ರೆ?"

"ನಿಲ್ಲಲ್ಲ. ಚುಕ್ಕೇನೇ ಇರಲ್ಲ." ಅವಳು ಅವನೆದುರೇ ಫೋನು ತೆಗೆದು, ತಾನಿರುವ ಜಾಗ ತೋರಿಸುವುದನ್ನು ನಿಲ್ಲಿಸಿದಳು.

ಚಿರಂಜೀವಿ ಎದ್ದು ನಿಂತ. ಅವನು ಇದುವರೆಗೆ ಕೈಯೆತ್ತಿದವನಲ್ಲ. ಆದರೆ ಇದುವರೆಗೆ ಅವಳೂ ಹೀಗೆ ಮಾಡಿದವಳಲ್ಲ. ಬಾಗಿಲು ಎಷ್ಟು ದೂರವಿದೆ ಎಂದು ಅವಳ ಕಣ್ಣು ತಾನಾಗಿ ಅಳೆಯಿತು.

"ನೋಡಮ್ಮ ಇವ್ಳ," ಎಂದ.

ಸಾಕಮ್ಮ ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ನೋಡ್ದೆ. ನಿಮ್ಮಪ್ಪನೂ ಹಿಂಗೇ ಹೊಲದ ಬದದ ಮೇಲೆ ನಿಂತು ನಾನು ಎಲ್ಲೋದೆ, ಎಲ್ಬಂದೆ ಅಂತ ಕಾಯ್ತಿದ್ದ. ಅವ್ನು ಕಾದಿದ್ಕೆ ಕಳೆಯೇನು ಕಡ್ಮೆ ಆಗ್ಲಿಲ್ಲ, ನಾನೇ ಕಿತ್ತೆ. ಕೂತ್ಕೊಳ್ಲಾ. ಬಂದು ಕಾಯಿ ಬಿಡಿಸು."

ತುಸು ಹೊತ್ತು ನಿಂತಿದ್ದು ಅವನು ಕುಳಿತ. ಅವರೆಕಾಯಿಗೆ ಕೈ ಹಾಕಲಿಲ್ಲ, ಫೋನನ್ನೂ ಮುಟ್ಟಲಿಲ್ಲ. ಭೂಮಿಕಾ ಮಾತ್ರ ಗೋಡೆಗೆ ಬೆನ್ನು ಒತ್ತಿ ನಿಂತೇ ಇದ್ದಳು. ಕುಳಿತುಕೊಳ್ಳಲು ಇನ್ನೂ ಧೈರ್ಯ ಬಂದಿರಲಿಲ್ಲ.