ಪ್ಲಾಸ್ಟರಿನೊಳಗೆ ಕಳೆದ ವರ್ಷ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿದ್ದೆ. ಆಗ ನನಗೆ ಹತ್ತೊಂಬತ್ತು. ಮೊದಲು ಬೆನ್ನಿನ ನಡುವೆ ಸಣ್ಣ ನೋವು, ಆಮೇಲೆ ಸಂಜೆಯಾದರೆ ಜ್ವರ. ಒಂದು ಬೆಳಿಗ್ಗೆ ಹಾಸ್ಟೆಲಿನ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಎಡಗಾಲು ನನ್ನದೇ ಅಲ್ಲವೆನ್ನುವಂತೆ ಮಡಚಿಕೊಂಡಿತು. ಬೆನ್ನುಮೂಳೆಗೆ ಕ್ಷಯ ಹಿಡಿದಿದೆ ಎಂದು ಡಾಕ್ಟರು ಹೇಳಿದರು. ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ, ಒಂದು ವರ್ಷವಾದರೂ ಅಲುಗಾಡದೆ ಮಲಗಬೇಕು, ಇಂಜೆಕ್ಷನ್ನು ಮಾತ್ರೆ ತಪ್ಪಬಾರದು ಎಂದರು. ಆಮೇಲೆ ನಡೆಯುತ್ತಾಳಾ ಎಂದು ಅಪ್ಪ ಕೇಳಿದ್ದಕ್ಕೆ, ನೋಡೋಣ ಎಂದರಂತೆ.

ಮಾವಿನಕಾಯಿ ಇಳಿಸಿ ಶ್ರೀನಿವಾಸಪುರಕ್ಕೆ ಖಾಲಿ ಹೊರಟಿದ್ದ ಲಾರಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮನೆಗೆ ತಂದರು.

ಅಪ್ಪ ಅಲ್ಲಿನ ಕ್ರೈಸ್ತರ ಪುಟ್ಟ ದೇವಾಲಯದ ಉಪದೇಶಿ. ತಿಂಗಳಿಗೊಮ್ಮೆ ಕೋಲಾರದಿಂದ ಪಾದ್ರಿ ಅಯ್ಯನವರು ಬಂದು ಪ್ರಭುಭೋಜನದ ರೊಟ್ಟಿ ಮುರಿದು ಹೋಗುತ್ತಿದ್ದರು, ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುವುದು, ಸತ್ತವರ ಮನೆಗೆ ಹೋಗುವುದು, ಜಗಳ ಬಿಡಿಸುವುದು ಎಲ್ಲ ಅಪ್ಪನದೇ. ನಮ್ಮ ಮನೆ ದೇವಾಲಯದ ಗೋಡೆಗೆ ಅಂಟಿಕೊಂಡಿತ್ತು. ಮಂಚದಲ್ಲಿ ಮಲಗಿದ್ದ ನನಗೆ ಕಾಣುತ್ತಿದ್ದದ್ದು ಮಾಡಿನ ಹೆಂಚು, ಅದರಲ್ಲೊಂದು ಗಾಜಿನ ಹೆಂಚು, ಅಷ್ಟೇ. ಕೇಳುತ್ತಿದ್ದದ್ದು ಮಾತ್ರ ಬಹಳ. ಭಾನುವಾರ ಗೋಡೆಯಾಚೆ ಹಾಡು ಏಳುತ್ತಿತ್ತು, ಕೊನೆಯಲ್ಲಿ ಅಪ್ಪ ನನಗಾಗಿ ಪ್ರಾರ್ಥಿಸುತ್ತಿದ್ದ. ನನ್ನ ಪ್ರಸ್ತಾಪ ಬಂದಾಗಲೆಲ್ಲ ಯಾರೋ ಹೆಂಗಸು ನಿಟ್ಟುಸಿರು ಬಿಡುವುದೂ ಕೇಳುತ್ತಿತ್ತು. ನನಗೆ ಆ ನಿಟ್ಟುಸಿರು ಸಹಿಸಲಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಪ್ಲಾಸ್ಟರಿನ ಒಳಗೆ ತಿಗಣೆ ಸೇರಿಕೊಂಡಿತು. ಕಡಿತ ಎಲ್ಲಿ ಎಂದು ತಿಳಿಯುತ್ತಿತ್ತು, ಅಲ್ಲಿಗೆ ಕೈ ಹೋಗುತ್ತಿರಲಿಲ್ಲ. ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಲು ಹೋದ ಮೇಲೆ, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯವರು ಬರುತ್ತಿದ್ದರು. ಅವರ ಗಂಡ ಬೀದಿ ತುದಿಯಲ್ಲಿ ಹಾಸಿಗೆಗೆ ಹತ್ತಿ ಹಿಂಜುತ್ತಿದ್ದರು. ಖಾಲಾ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಪ್ಲಾಸ್ಟರಿನ ಅಂಚಿನಿಂದ ಮೆಲ್ಲಗೆ ಒಳಗೆ ಆಡಿಸುತ್ತಿದ್ದರು. ಚರ್ಮ ಉರಿಯುತ್ತಿತ್ತು. ಆದರೂ ನಿಲ್ಲಿಸಬೇಡಿ ಎನ್ನುತ್ತಿದ್ದೆ.

ಹೀಗೆ ಅರ್ಧ ವರ್ಷ ಕಳೆದಿರಬೇಕು. ಅಮ್ಮನ ಕಡೆಯವರು ಯಾರೋ ಆಂಧ್ರದ ಬೋಧಕರೊಬ್ಬರ ವಿಷಯ ಹೇಳಿದರು. ಅವರ ಕೂಟದಲ್ಲಿ ಕುಂಟರು ನಡೆದಿದ್ದಾರೆ, ಕಿವುಡರಿಗೆ ಕೇಳಿದೆ ಎಂದರು. ಅಮ್ಮ ಅಪ್ಪನನ್ನು ಕೇಳದೆಯೇ ಅವರಿಗೆ ಹೇಳಿಕಳಿಸಿದಳು. ಬೋಧಕರು ಬಂದರು. ಸಂಜೆಯ ಕೂಟಕ್ಕೆ ದೇವಾಲಯ ಹಿಡಿಸದಷ್ಟು ಜನ ಸೇರಿದ್ದು ಗೋಡೆಯಾಚೆಯಿಂದಲೇ ನನಗೆ ತಿಳಿಯಿತು. ಮರುದಿನ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದಾಗ ಸಭೆಯವರೂ ಹಿಂದೆಯೇ ಬಂದರು. ಒಳಗೆ ಜಾಗ ಸಾಲದೆ ಕೆಲವರು ಬಾಗಿಲಲ್ಲಿ ನಿಂತರು. ನನ್ನ ಮೇಲೆ ಮುಖಗಳು ಸುತ್ತುಗಟ್ಟಿದವು. ಬೆಳಕು ಬರುತ್ತಿದ್ದ ಹೆಂಚೂ ಮರೆಯಾಯಿತು.

ಬೋಧಕರು ಬಹಳ ಹೊತ್ತು ಪ್ರಾರ್ಥಿಸಿದರು. ಅವರ ಕೈ ಬಿಸಿಯಾಗಿತ್ತು, ದನಿಯಲ್ಲಿ ಮೋಸವಿರಲಿಲ್ಲ. ಆಮೇಲೆ ತೆಲುಗಿನಲ್ಲಿ, "ಲೇ ತಲ್ಲೀ, ಲೇ," ಎಂದರು. ಏಳು ತಾಯಿ, ಏಳು ಎಂದು ಅದರರ್ಥ. ಕರ್ತನು ಗುಣಮಾಡಿಯಾಯಿತು, ಇನ್ನು ಈ ಕಟ್ಟು ಬೇಡ, ಸೂಜಿ ಮಾತ್ರೆಯೂ ಬೇಡ, ಅದನ್ನು ಇಟ್ಟುಕೊಂಡರೆ ಅಪನಂಬಿಕೆ ಎಂದು ಸಭೆಯವರಿಗೆ ಹೇಳಿದರು.

ಅಮ್ಮ ಸೆರಗಿನಿಂದ ಹೊಲಿಗೆಯ ದೊಡ್ಡ ಕತ್ತರಿ ತೆಗೆದಳು. ಅಷ್ಟು ಹೊತ್ತೂ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಆ ಕತ್ತರಿಗೆ ಪ್ಲಾಸ್ಟರ್ ಬಗ್ಗುತ್ತಿರಲಿಲ್ಲ ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

"ಬೇಡ," ಎಂದ ಅಪ್ಪ. ಅಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡ. "ಅಯ್ಯಾ, ನೀವು ಪ್ರಾರ್ಥನೆ ಎಷ್ಟು ಬೇಕಾದ್ರೂ ಮಾಡಿ. ಪ್ಲಾಸ್ಟರ್ ಮಾತ್ರ ಮುಟ್ಟಬೇಡಿ."

"ಉಪದೇಶಿಗಳೇ, ನಿಮಗೇ ನಂಬಿಕೆ ಇಲ್ಲ ಅಂದ್ರೆ ಸಭೆಗೆ ಏನು ಹೇಳ್ತೀರಿ?" ಎಂದರು ಬೋಧಕರು.

ಅಪ್ಪ ಮಂಚದ ಅಂಚಿಗೆ ಕುಳಿತು ಎರಡೂ ಕೈಗಳನ್ನು ಪ್ಲಾಸ್ಟರಿನ ಮೇಲೆ ಇಟ್ಟುಕೊಂಡ. ನಾನು ನಂಬಿದ್ದೆ. ಕಾಲಿನಲ್ಲಿ ಜುಮ್ಮೆಂದಂತೆಯೂ ಆಗಿತ್ತು.

"ಅಪ್ಪಾ, ತೆಗೀಲಿ ಬಿಡಪ್ಪಾ," ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. ಜನ ಒಬ್ಬೊಬ್ಬರಾಗಿ ಹೊರಗೆ ಹೋದರು.

ಅಂದಿನಿಂದ ಮನೆಯೂ ಇನ್ನೊಂದು ಪ್ಲಾಸ್ಟರಾಯಿತು. ಅಮ್ಮ ಅಪ್ಪನಿಗೆ ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ನಾನು ತಿರುಗಿಸಬಹುದಾಗಿದ್ದದ್ದು ಮುಖವೊಂದೇ. ಅವನು ಬಂದರೆ ಅದನ್ನು ಗೋಡೆಯ ಕಡೆ ತಿರುಗಿಸುತ್ತಿದ್ದೆ. ಭಾನುವಾರದ ಹಾಡು ವಾರದಿಂದ ವಾರಕ್ಕೆ ತೆಳ್ಳಗಾಯಿತು. ಸ್ವಂತ ಮಗಳ ಸ್ವಸ್ಥತೆಗೆ ಅಡ್ಡ ನಿಂತ ಉಪದೇಶಿ ನಮಗೆ ಬೇಡವೆಂದು ಕೆಲವು ಮನೆಯವರು ದೂರು ಒಯ್ದರು. ಕೋಲಾರದ ಅಯ್ಯನವರು ಬಂದು, ಮಾಲೂರಿನ ಕಡೆಗೆ ಹೋಗುತ್ತೀರಾ ಎಂದು ಕೇಳಿದರು. ಮಗಳ ಪ್ಲಾಸ್ಟರ್ ಬಿಚ್ಚಲಿ, ಎಲ್ಲಿಗೆ ಹೇಳಿದರೂ ಹೋಗುತ್ತೇನೆ ಎಂದ ಅಪ್ಪ. ಅಲ್ಲಿಯವರೆಗೆ ಅವನಿಗೂ ಅಲ್ಲಿಂದ ಏಳುವಂತಿರಲಿಲ್ಲ.

ಇಂಜೆಕ್ಷನ್ನು ಮಾತ್ರೆ ತಪ್ಪದಿದ್ದರೂ ಚಳಿಗಾಲದಲ್ಲಿ ಜ್ವರ ಮರಳಿ ಬಂತು. ಎಡಪಾದಕ್ಕೆ ಖಾಲಾ ಮುಟ್ಟಿದ್ದು ತಿಳಿಯದಾಯಿತು. ಅಂದು ಎದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಂದು ಗಳಿಗೆ ಅನಿಸುತ್ತಿತ್ತು. ನನ್ನ ನಂಬಿಕೆಯಲ್ಲೇ ಏನೋ ಕೊರತೆ ಎಂದು ಮರುಗಳಿಗೆ. ಪ್ರಾರ್ಥನೆ ಮಾಡಲು ಹೋದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: ಬಿಡಿಸು. ಹೆಚ್ಚೇನೂ ಹೊಳೆಯುತ್ತಿರಲಿಲ್ಲ. ಖಾಲಾ ನನ್ನನ್ನು ಒಬ್ಬಳೇ ಬಿಟ್ಟು ಹೋಗಲಾರದೆ ಮಧ್ಯಾಹ್ನದ ನಮಾಜನ್ನು ನಮ್ಮ ಮನೆಯ ಮೂಲೆಯಲ್ಲೇ ಮಾಡುತ್ತಿದ್ದರು. ದೇವರು ನಿಮ್ಮ ಮಾತು ಕೇಳುತ್ತಾನಾ ಎಂದು ಒಮ್ಮೆ ಕೇಳಿದೆ.

"ನಂಗೆ ಗೊತ್ತಿಲ್ಲ ಬೇಟಿ," ಎಂದರು. "ತಲೆ ಈ ಕಡೆ ತಿರುಗ್ಸು, ಎಣ್ಣೆ ಹಚ್ಬೇಕು."

ಒಂದು ದಿನ ಅಪ್ಪ ಗಂಜಿ ಕುಡಿಸುತ್ತಿದ್ದಾಗ ಕೇಳಿಯೇಬಿಟ್ಟೆ. "ಯಾಕಪ್ಪಾ ತಡೆದೆ? ಅವತ್ತು ನಾನು ಏಳ್ತಿದ್ದೆ."

ಅವನು ಚಮಚ ಕೆಳಗಿಟ್ಟ. "ಏಳ್ತಿದ್ಯೇನೋ. ನಂಗೆ ಗೊತ್ತಿಲ್ಲಮ್ಮ. ದೇವರ ಕೈಲಿ ಆಗಲ್ಲ ಅಂತ ನಾನು ತಡೀಲಿಲ್ಲ. ನೀನು ಬಿದ್ದುಬಿಟ್ರೆ ಅಂತ ಹೆದರಿಕೆ ಆಯ್ತು. ಭಾನುವಾರ ನಿಂತ್ಕೊಂಡು ನಂಬಿ ನಂಬಿ ಅಂತೀನಲ್ಲ, ಅವತ್ತು ಕೈ ನಡುಗ್ತಿತ್ತು. ಅದಕ್ಕೇ ಪ್ಲಾಸ್ಟರ್ ಹಿಡ್ಕೊಂಡು ಕೂತೆ."

"ಹೆದರಿಕೆ ಇದ್ರೆ ಇನ್ನೂ ಯಾಕೆ ಪ್ರಾರ್ಥನೆ ಮಾಡ್ತೀಯ?"

"ಹೆದರಿಕೆ ಇರೋದಕ್ಕೇ ಮಾಡ್ತೀನಮ್ಮ," ಎಂದ. "ಇನ್ಯಾರ ಹತ್ರ ಹೇಳ್ಲಿ?"

ಗೋಡೆಯಾಚೆ ಅಷ್ಟು ಗಟ್ಟಿಯಾಗಿ ಕೇಳುತ್ತಿದ್ದ ದನಿಯ ಒಳಗೆ ಇಂಥ ಭಯವಿದೆ ಎಂದು ನನಗೆ ಗೊತ್ತಿರಲಿಲ್ಲ. ಅಳು ಬಂತು, ಪ್ಲಾಸ್ಟರಿನಲ್ಲಿ ಅಳುವುದೂ ಕಷ್ಟ, ಎದೆ ಉಬ್ಬುವುದಿಲ್ಲ. ಅಪ್ಪ ನನ್ನ ಕಣ್ಣೊರೆಸಿ, ಮಿಕ್ಕ ಗಂಜಿ ಕುಡಿಸಿದ. ಅಂದಿನಿಂದ ಇಬ್ಬರೂ ಸೇರಿ ಪ್ರಾರ್ಥಿಸತೊಡಗಿದೆವು. ನಡೆಸು ಎಂದು ಕೇಳುವುದನ್ನು ಅಪ್ಪ ಬಿಡಲಿಲ್ಲ. ನಾನು ಮಾತ್ರ ಈ ದಿನ ಕಳೆಯುವಷ್ಟು ತಾಳ್ಮೆ ಕೊಡು ಎನ್ನುತ್ತಿದ್ದೆ. ಕೆಲವು ದಿನ ಸಿಗುತ್ತಿತ್ತು. ಸಿಗದ ದಿನ ಅಮ್ಮನ ಮೇಲೆ ಕಿರುಚುತ್ತಿದ್ದೆ.

ಮತ್ತೆ ಮಾವು ಹೂಬಿಟ್ಟು, ಕಾಯಿ ಮಂಡಿಗೆ ಬರುವ ಹೊತ್ತಿಗೆ ಕೋಲಾರಕ್ಕೆ ಕರೆದೊಯ್ದರು. ಪ್ಲಾಸ್ಟರ್ ಕತ್ತರಿಸಿದಾಗ ಎದ್ದ ವಾಸನೆಗೆ ನಾನೇ ಮುಖ ತಿರುಗಿಸಿದೆ. ಎಕ್ಸ್‌ರೇ ನೋಡಿ ಡಾಕ್ಟರು ಮೂಳೆ ಕೂಡಿದೆ ಎಂದರು. ಕಾಲುಗಳು ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿಯಂತಿದ್ದವು. ನಿಲ್ಲಿಸಿದರೆ ತಲೆ ಸುತ್ತಿತು. ನಡೆಯಲು ಕಲಿತದ್ದು ಮಾಲೂರಿನಲ್ಲಿ, ಅಪ್ಪನಿಗೆ ಅಲ್ಲಿಗೆ ವರ್ಗವಾದ ಮೇಲೆ. ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು ನಡೆದೆ. ಎಡಗಾಲು ಎಳೆಯುವುದು ಹೋಗಲೇ ಇಲ್ಲ. ಬಿಟ್ಟಿದ್ದ ಟ್ರೇನಿಂಗ್ ಮುಗಿಸಿದೆ, ಬೈರಕೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೆಲಸ ಸಿಕ್ಕಿತು. ತುಂಬಿದ ಬಸ್ಸಿನಲ್ಲಿ ನಾಲ್ಕೂ ಕಡೆಯಿಂದ ಜನ ಒತ್ತಿದರೆ ಈಗಲೂ ನನಗೆ ಉಸಿರು ಕಟ್ಟುತ್ತದೆ. ಊರು ಬರದಿದ್ದರೂ ಇಳಿದುಬಿಡುತ್ತೇನೆ.

ಅಮ್ಮ ಕೊನೆಯವರೆಗೂ ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ಆ ಬೋಧಕರು ಕೈಯಿಟ್ಟ ದಿನವೇ ನನ್ನ ಮಗಳು ಗುಣವಾದಳು, ನಮಗೆ ತಿಳಿದದ್ದು ತಡವಾಗಿ ಎಂದು ಸಾಕ್ಷಿ ಹೇಳುತ್ತಿದ್ದಳು. ಇಂಜೆಕ್ಷನ್ನಿನ ಮಾತು ಎತ್ತುತ್ತಿರಲಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರೂ ತಿದ್ದುತ್ತಿರಲಿಲ್ಲ. ಒಮ್ಮೆ ನಾನು ಬಾಯಿ ತೆರೆಯಲು ಹೋದಾಗ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿ, ಹೆಂಗಸರಿಗೆ ಟೀ ಇಡಲು ಒಲೆ ಹೊತ್ತಿಸಿದ.