ಮೂರನೆಯ ಪಾಯಿಂಟಿನಲ್ಲಿ ಹಳಿ ತಪ್ಪಿದ ರೈಲು

ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿ ನಾವು ನಾಲ್ವರು ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ರೈಲು ಓಡಿಸುತ್ತೇವೆ. ಹದಿನಾಲ್ಕು ಅಡಿ ಉದ್ದದ ಹಲಗೆ, ಅದರ ಮೇಲೆ ಎರಡು ನಿಲ್ದಾಣ, ಒಂದು ಸುರಂಗ, ಹಳಿ ಕವಲೊಡೆಯುವ ಒಂಬತ್ತು ಜಾಗ. ಕವಲನ್ನು ನಾವು ಪಾಯಿಂಟ್ ಎನ್ನುತ್ತೇವೆ. ಮನೆಯ ಯಜಮಾನರು ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಎರಡನೆಯವರು ವಿಜಯನಗರದಲ್ಲಿ ಕ್ಲಿನಿಕ್ ಇಟ್ಟಿರುವ ದಂತವೈದ್ಯರು, ನಮ್ಮಲ್ಲಿ ಕಿರಿಯರು. ಮೂರನೆಯವರು ಗೋವಿಂದರಾಜನಗರದವರು; ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಮೂವತ್ತೈದು ಎಂದು ಅವರು ಹೇಳುತ್ತಿದ್ದರು. ಅವರ ನೇಮಕದ ಪತ್ರ ನೋಡಿದ ಮೇಲೆ ನಾನು ತಿದ್ದಿದೆ.

ನಾಲ್ಕನೆಯವನು ನಾನು. ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ಶಾಸನದಲ್ಲಿ ಕೊಟ್ಟ ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಪಂಚಾಂಗ ಗಣಿಸಿ ನೋಡುವುದು, ಹೊಂದದಿದ್ದರೆ ಏಕೆ ಎಂದು ಬರೆಯುವುದು. ಆ ಅಭ್ಯಾಸದಿಂದಲೇ ಇಲ್ಲಿ ದಾಖಲೆ ಪುಸ್ತಕ ನನ್ನ ಪಾಲಿಗೆ ಬಂತು. ಯಾವ ರೈಲು ಎಲ್ಲಿ ಹಳಿ ತಪ್ಪಿದರೂ ತಾರೀಖು, ಗಂಟೆ, ಜಾಗ, ಓಡಿಸುತ್ತಿದ್ದವರು ಯಾರು ಎಂದು ಅದರಲ್ಲಿ ಬರೆಯುತ್ತೇನೆ. ಎಂಜಿನ್‌ಗೆಂದು ಬೇರೆ ಅಂಕಣ ಇರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಎಂಜಿನ್, ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬುದು ನಮ್ಮ ನಿಯಮ. ಓಡಿಸಿದವರ ಹೆಸರು ಬರೆದರೆ ಎಂಜಿನ್ ಬರೆದಂತೆಯೇ ಎಂದು ನಾಲ್ವರೂ ತಿಳಿದಿದ್ದೆವು.

ರೈಲು ಓಡುತ್ತಿರುವಾಗ ಮಾತು ಬಹುಮಟ್ಟಿಗೆ ರೈಲಿನದಲ್ಲ.

"ವಿಜಯನಗರದಿಂದ ಇಲ್ಲಿಗೆ ಮುಕ್ಕಾಲು ಗಂಟೆ ಸಾರ್," ಎಂದು ದಂತವೈದ್ಯರು ಒಂದು ಭಾನುವಾರ ಹೆಲ್ಮೆಟ್ ಇಡುತ್ತಾ ಹೇಳಿದರು. "ನಮ್ಮ ಗೂಡ್ಸ್ ಗಾಡೀನೇ ವಾಸಿ."

"ನನ್ ಕಾರ್ ಥರದ್ದು ಇಟ್ಕೊಳ್ಳಿ ಡಾಕ್ಟ್ರೇ," ಎಂದರು ಟೂಲ್‌ರೂಮಿನವರು. "ನೋಡಿದ ತಕ್ಷಣ ಜನ ದಾರಿ ಬಿಡ್ತಾರೆ."

"ದಾರಿ ಬಿಡ್ತಾರೋ, ತಳ್ಳೋಕೆ ಬರ್ತಾರೋ?" ಎಂದರು ಎಂಜಿನಿಯರ್.

"ಇಪ್ಪತ್ತೊಂದು ವರ್ಷ ಆಯ್ತು ಕಣ್ರೀ. ಒಂದು ದಿನ ತಳ್ಳಿಸ್ಕೊಂಡಿಲ್ಲ."

"ಇಪ್ಪತ್ತು," ಎಂದೆ ನಾನು. "ತಗೊಂಡ ವಾರಾನೇ ನಮ್ಮನೆ ಹತ್ರ ತಂದು ತೋರಿಸಿದ್ರಿ. ಡೈರೀಲಿದೆ."

"ನೋಡಿ, ನನ್ ಕಾರಿನ ಜಾತಕಾನೂ ಮೇಷ್ಟ್ರ ಹತ್ರಾನೇ ಇದೆ."

ನಾನು ಎಂದೂ ಮೇಷ್ಟರಾಗಿದ್ದವನಲ್ಲ. ಕನ್ನಡಕಕ್ಕೂ ಪುಸ್ತಕಕ್ಕೂ ಸೇರಿ ಆ ಹೆಸರು ಬಂದಿದೆ.

ಆ ಬಿಳಿಯ ಕಾರಿನಲ್ಲಿ ಪ್ರತಿ ಮಂಗಳವಾರ ಅವರು ತಮ್ಮ ಪತ್ನಿಯನ್ನು ಕೆಂಗೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಆಕೆಯ ಅಕ್ಕ ಹಾಸಿಗೆ ಹಿಡಿದಿದ್ದಾರೆ. ಮಂಡಿನೋವಿನ ಪತ್ನಿಗೆ ಆಟೋ ಹತ್ತಿ ಇಳಿಯುವುದು ಕಷ್ಟ. ಕಾರು ಗೇಟಿನ ಮುಂದೆಯೇ ನಿಲ್ಲುತ್ತಿತ್ತು.

ಜೂನ್ ತಿಂಗಳಿಂದ ಅವರ ರೈಲು ಹಳಿ ತಪ್ಪತೊಡಗಿತು. ಜಾಗ ಮೂರನೆಯ ಪಾಯಿಂಟ್. ಸುರಂಗದಿಂದ ಹೊರಬಂದ ಕೂಡಲೇ ಸಿಗುವ ಬಿಗಿ ತಿರುವಿನದು. ಮೊದಲು ಹಳಿಯನ್ನು ದೂರಿದೆವು. ಎಂಜಿನಿಯರ್ ಪಾಯಿಂಟನ್ನು ಕಿತ್ತು ಹೊಸದು ಕೂರಿಸಿದರು. ದಂತವೈದ್ಯರು ಹಲ್ಲು ಕೊರೆಯುವ ಸಣ್ಣ ಉಪಕರಣ ತಂದು ಹಳಿಯ ಅಂಚನ್ನು ನಯಗೊಳಿಸಿದರು. ಮೂರು ಭಾನುವಾರ ಅದರಲ್ಲೇ ಕಳೆಯಿತು. ನಾಲ್ಕನೆಯ ಭಾನುವಾರ ಹತ್ತೂ ಐವತ್ತಕ್ಕೆ ಟೂಲ್‌ರೂಮಿನವರ ಹಸಿರು ಡೀಸೆಲ್ ಎಂಜಿನ್ ಅದೇ ಜಾಗದಲ್ಲಿ ಮತ್ತೆ ಪಕ್ಕಕ್ಕೆ ಒರಗಿತು. ಎಂಜಿನ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ದಂತವೈದ್ಯರ ಭಾವ ಜರ್ಮನಿಯಿಂದ ತಂದುಕೊಟ್ಟ ಎಂಜಿನ್ ಅದು. ಹೊರದೇಶದ ಮಾಲು ಕೆಡುವುದಿಲ್ಲ ಎಂಬ ನಂಬಿಕೆ, ಯಂತ್ರಗಳ ನಡುವೆಯೇ ಆಯುಷ್ಯ ಕಳೆದವರಲ್ಲೂ ಇತ್ತು.

ಕಾಫಿ ಲೋಟ ಹಿಡಿದಾಗ ಟೂಲ್‌ರೂಮಿನವರ ಬಲಗೈ ಸ್ವಲ್ಪ ನಡುಗುವುದನ್ನು ನಾವೆಲ್ಲ ನೋಡಿದ್ದೆವು. ಯಾರೂ ಎತ್ತಿ ಆಡಿರಲಿಲ್ಲ. ವೇಗದ ಗುಂಡಿಯನ್ನು ತಿರುಗಿಸುವ ಕೈಯೂ ಅದೇ.

ಎತ್ತಿದವರು ಅವರೇ.

"ಮೇಷ್ಟ್ರೇ, ನಿಮ್ ಪುಸ್ತಕ ಏನ್ ಹೇಳುತ್ತೆ?"

"ಯಾವುದರ ಬಗ್ಗೆ?"

"ಗೊತ್ತಿಲ್ದೋರ ಥರ ಆಡ್ಬೇಡಿ. ಹಳೀನೋ, ನನ್ ಕೈನೋ?"

ಎಂಜಿನಿಯರ್ ಅಡ್ಡ ಬಂದರು. "ಅಯ್ಯೋ ಬಿಡ್ರೀ, ಇದೇನು ಕೋರ್ಟಾ?"

"ನೀವ್ ಸುಮ್ನಿರಿ. ಅವ್ರು ಸುಳ್ಳು ಹೇಳಲ್ಲ, ಅದಕ್ಕೇ ಕೇಳ್ತಿರೋದು."

ನಾನು ಪುಸ್ತಕ ತೆಗೆದು ಎಣಿಸಿದೆ. ಮೊಬೈಲಿನ ಫೋಟೋಗಳ ತಾರೀಖಿಗೂ ನನ್ನ ಡೈರಿಗೂ ಹೋಲಿಸಿ ನೋಡಿದೆ. ಒಂದು ಕಡೆ ಗಂಟೆ ತಪ್ಪಾಗಿತ್ತು, ಸರಿಪಡಿಸಿದೆ. ಮೂರನೆಯ ಪಾಯಿಂಟಿನಲ್ಲಿ ಹದಿನಾಲ್ಕು ಸಲ ರೈಲು ಬಿದ್ದಿತ್ತು. ಹದಿನಾಲ್ಕೂ ಸಲ ಓಡಿಸುತ್ತಿದ್ದವರು ಅವರು. ಉಳಿದ ನಾವು ಮೂವರು ಅದೇ ಹಳಿಯ ಮೇಲೆ ಒಮ್ಮೆಯೂ ಬೀಳಿಸಿರಲಿಲ್ಲ.

"ಹದಿನಾಲ್ಕಕ್ಕೆ ಹದಿನಾಲ್ಕು ಸಲಾನೂ ನೀವೇ ಓಡಿಸ್ತಿದ್ರಿ. ಪುಸ್ತಕದ ಪ್ರಕಾರ ಹಳಿ ಅಲ್ಲ," ಎಂದೆ.

ಅವರು ತಲೆಯಾಡಿಸಿದರು. ವೇಗದ ಗುಂಡಿಯ ಕಂಟ್ರೋಲರನ್ನು ದಂತವೈದ್ಯರ ಕೈಗೆ ಕೊಟ್ಟು, "ತಗೊಳ್ಳಿ ಡಾಕ್ಟ್ರೇ, ಎಂಜಿನ್ನೂ ನೀವೇ ಇಟ್ಕೊಳ್ಳಿ," ಎಂದು ಚಪ್ಪಲಿ ಮೆಟ್ಟಿ ಇಳಿದುಹೋದರು. ಕಾಫಿ ಅರ್ಧ ಲೋಟ ಉಳಿದಿತ್ತು. ಆ ಹೊತ್ತಿನಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಎಣಿಕೆ ಸರಿಯಾಗಿತ್ತು, ಸರಿಯಾದ ಎಣಿಕೆಯನ್ನು ಕೇಳಿದವರಿಗೆ ಕೊಟ್ಟಿದ್ದೆ. ಹನ್ನೊಂದೂ ಇಪ್ಪತ್ತು ಎಂದು ಬರೆದುಕೊಂಡೆ.

ಅನಂತರದ ಆರು ಭಾನುವಾರ ಅವರು ಬರಲಿಲ್ಲ. ಎಂಜಿನಿಯರ್ ಫೋನ್ ಮಾಡಿದಾಗ ಮಾತು ಸರಾಗವಾಗಿಯೇ ಇತ್ತಂತೆ. ಕಾರು ಕೊಟ್ಟುಬಿಟ್ಟೆ ಎಂದರಂತೆ. ಹಸಿರು ಎಂಜಿನ್ ಅಷ್ಟು ದಿನವೂ ಕಪಾಟಿನಲ್ಲಿತ್ತು. ಬೇರೆಯವರ ಎಂಜಿನ್ ಮುಟ್ಟಬಾರದೆಂಬ ನಿಯಮ, ಅವರೇ ಕೊಟ್ಟುಹೋದ ಮೇಲೂ ನಮ್ಮ ಕೈಗಳಲ್ಲಿ ಉಳಿದಿತ್ತು.

ಏಳನೆಯ ಭಾನುವಾರ ದಂತವೈದ್ಯರ ಎಂಜಿನ್ನಿನ ಮೋಟಾರು ಸುಟ್ಟಿತು. ಬೇರೆ ದಾರಿಯಿಲ್ಲದೆ ಹಸಿರು ಎಂಜಿನ್ ಹೊರಗೆ ಬಂತು. ಸುರಂಗದಿಂದ ಹೊರಬಂದು ಮೂರನೆಯ ಪಾಯಿಂಟಿನಲ್ಲಿ ಅದು ಪಕ್ಕಕ್ಕೆ ಒರಗಿತು.

ದಂತವೈದ್ಯರ ಕೈ ನಡುಗುವುದಿಲ್ಲ. ಅವರ ಜೀವನೋಪಾಯವೇ ಅದು.

ಇನ್ನೊಮ್ಮೆ ಓಡಿಸಿದರು, ಒರಗಿತು. ನಾನು ಓಡಿಸಿದೆ, ಒರಗಿತು. ಎಂಜಿನಿಯರ್ ಎಂಜಿನ್ನನ್ನು ಬೋರಲು ಹಾಕಿ, ಚಕ್ರಗಳ ನಡುವಿನ ಅಂತರ ಅಳೆಯುವ ಹಿತ್ತಾಳೆಯ ಅಚ್ಚನ್ನು ಇಟ್ಟು ನೋಡಿದರು. ಮುಂದಿನ ಜೋಡಿಯಲ್ಲಿ ಅಚ್ಚು ಕೂರಲಿಲ್ಲ. ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟು, ಒಂದು ಚಕ್ರ ಒಳಕ್ಕೆ ಸರಿದಿತ್ತು. ಕೂದಲೆಳೆಯಷ್ಟು. ಬಿಗಿ ತಿರುವಿನ ಕವಲಿನಲ್ಲಿ ಅಷ್ಟೇ ಸಾಕು.

"ಥೂ," ಎಂದರು ದಂತವೈದ್ಯರು. "ನಮ್ ಭಾವನ ಜರ್ಮನಿ."

ನಾನು ಪುಸ್ತಕದ ಹಳೆಯ ಪುಟಗಳನ್ನು ತಿರುವಿದೆ. ಹದಿನಾಲ್ಕು ತಾರೀಖುಗಳೂ ಸರಿಯಾಗಿದ್ದವು. ಆ ಹದಿನಾಲ್ಕು ಸಲವೂ ಒಂದೇ ಕೈ ಇದ್ದದ್ದು ನಿಜ, ಒಂದೇ ಎಂಜಿನ್ ಇದ್ದದ್ದೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಕಾರಣ ಎಂದು ಆ ಪುಸ್ತಕ ಹೇಳಲು ಸಾಧ್ಯವೇ ಇರಲಿಲ್ಲ. ಹೇಳಿದವನು ನಾನು. ಒಂದೇ ಆಧಾರದಿಂದ ತೀರ್ಮಾನಿಸಬಾರದೆಂದು ಪರರ ಪ್ರಬಂಧಗಳ ಅಂಚಿನಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಮಾರನೆಯ ದಿನ, ಸೋಮವಾರ, ಎಂಜಿನ್ನನ್ನೂ ಅಚ್ಚನ್ನೂ ಒಂದು ಡಬ್ಬಿಯಲ್ಲಿಟ್ಟುಕೊಂಡು ಗೋವಿಂದರಾಜನಗರಕ್ಕೆ, ಟೂಲ್‌ರೂಮಿನವರ ಮನೆಗೆ ಹೋದೆ. ಗೇಟಿನ ಮುಂದೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಮೇಲೆ ರಂಗೋಲಿ ಹಾಕಿದ್ದರು. ಅವರು ಒಳಕ್ಕೆ ಕರೆದು ಕೂರಿಸಿದರು. ನಾನು ನಡೆದದ್ದನ್ನು ಕ್ರಮವಾಗಿ ಹೇಳಿದೆ. ಅವರು ಕನ್ನಡಕ ಏರಿಸಿ, ಅಚ್ಚನ್ನು ತಾವೇ ಚಕ್ರಗಳ ನಡುವೆ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೈ ನಡುಗುತ್ತಿತ್ತು. ಆದರೂ ಅಳತೆಯನ್ನು ಸರಿಯಾಗಿಯೇ ತೆಗೆದರು.

"ಒಂದು ಕಡೆ ಮಾತ್ರ ಸರಿದಿದೆ. ಎರಡು ನಿಮಿಷದ ಕೆಲ್ಸ."

"ನಾನು ಹೇಳಿದ್ದು ತಪ್ಪು," ಎಂದೆ. "ಕೈಯಿಂದ ಅಲ್ಲ."

"ನಡುಗೋದು ನಿಜ ಅಲ್ವಾ ಮೇಷ್ಟ್ರೇ. ಆಸ್ಪತ್ರೇಲೂ ತೋರಿಸ್ದೆ. ವಯಸ್ಸಿಂದು, ಏನೂ ತೊಂದ್ರೆ ಇಲ್ಲ, ಕಾರ್ ಓಡಿಸ್ಬೋದು ಅಂದ್ರು." ಎಂಜಿನ್ನನ್ನು ಟೀಪಾಯಿಯ ಮೇಲೆ ಇಟ್ಟರು. "ಅಷ್ಟ್ ಹೊತ್ತಿಗೆ ಕಾರು ಗುಜರಿಗೆ ಹೋಗಿತ್ತು. ಹದಿನಾಲ್ಕಕ್ಕೆ ಹದಿನಾಲ್ಕು ಅಂದ್ರಲ್ಲ. ಹಿಂದಿನ ಸೀಟಲ್ಲಿ ಇವಳನ್ನ ಕೂರಿಸ್ಕೊಂಡು ಮೈಸೂರು ರೋಡಲ್ಲಿ ಹದಿನೈದನೇದು ಆದ್ರೆ ಅಂತ."

ಗುಜರಿಗೆ ಕೊಟ್ಟದ್ದು ಯಾವ ದಿನ ಎಂದು ಕೇಳಿದೆ.

"ಬುಧವಾರ," ಎಂದರು. "ನೀವು ಹೇಳಿದ ಭಾನುವಾರ ಆದ ಮೇಲೆ ಬರೋ ಬುಧವಾರ. ಬರ್ಕೊಳ್ಳಿ."

ಒಳಗಿನಿಂದ ಅವರ ಪತ್ನಿ ಕೂಗಿ ಕೇಳಿದರು: "ಕಾಫಿಗೆ ಸಕ್ಕರೆ ಹಾಕ್ಬೋದಾ ಅವ್ರಿಗೆ?"

"ಹಾಕು, ಹಾಕು. ಪಾಪ, ಬಿಸಿಲಲ್ಲಿ ಬಂದಿದಾರೆ."

ಕಾಫಿ ಕುಡಿಯುವಾಗ ಗೊತ್ತಾಯಿತು: ಏಳು ಮಂಗಳವಾರಗಳಿಂದ ಆಕೆ ಅಕ್ಕನನ್ನು ನೋಡಿರಲಿಲ್ಲ. ಆಟೋ ಬೇಡ ಎನ್ನುತ್ತಿದ್ದರು; ಮೆಟ್ರೋ ಎಂದರೆ ಜನಸಂದಣಿಯ ಭಯ. ನಾಳೆ ಮಂಗಳವಾರ, ನಾನೂ ಜೊತೆಗೆ ಬರುತ್ತೇನೆ, ಇಬ್ಬರು ಎರಡು ಕಡೆ ಹಿಡಿದುಕೊಂಡರೆ ಲಿಫ್ಟಿನಲ್ಲಿ ಹತ್ತಬಹುದು ಎಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೇಡ ಎನ್ನಲಿಲ್ಲ.

ಈಗ ಅವರು ಭಾನುವಾರಗಳಂದು ಬರುತ್ತಾರೆ. ಚಕ್ರವನ್ನು ತಾವೇ ಸರಿಪಡಿಸಿದ್ದಾರೆ. ಆದರೆ ಕಂಟ್ರೋಲರ್ ಹಿಡಿಯುವುದಿಲ್ಲ. ಡಾಕ್ಟ್ರೇ ಓಡಿಸಲಿ ಎಂದು ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಒತ್ತಾಯಿಸಿದರೆ ಮಾತು ಬೇರೆಡೆಗೆ ತಿರುಗಿಸುತ್ತಾರೆ.

ಮಂಗಳವಾರಗಳಂದು ಮೂವರೂ ವಿಜಯನಗರದವರೆಗೆ ಆಟೋದಲ್ಲಿ ಹೋಗಿ ಮೆಟ್ರೋ ಹತ್ತುತ್ತೇವೆ. ಆಟೋಗೆ ಆಕೆಯನ್ನು ಹತ್ತಿಸಲು ಐದು ನಿಮಿಷ ಬೇಕು. ಬೋಗಿಯಲ್ಲಿ ಯಾರಾದರೂ ಎದ್ದು ಆಕೆಗೆ ಜಾಗ ಕೊಡುತ್ತಾರೆ. ನಾವಿಬ್ಬರು ಕಂಬ ಹಿಡಿದು ನಿಲ್ಲುತ್ತೇವೆ. ಜ್ಞಾನಭಾರತಿ ದಾಟಿದ ಮೇಲೆ ಜನ ಕಡಿಮೆ. ಕಳೆದ ವಾರ ಅಲ್ಲಿ ಪಕ್ಕದ ಸೀಟು ಖಾಲಿಯಾಯಿತು, ನಾನು ಕುಳಿತೆ. ಆಕೆ ಕಿಟಕಿಯ ಕಡೆ ನೋಡುತ್ತಾ, ದೂರುವ ದನಿಯೇನೂ ಇಲ್ಲದೆ ಹೇಳಿದರು:

"ಕಾರಲ್ಲಾದ್ರೆ ಕಾಲು ಚಾಚ್ಕೊಂಡು ಕೂತ್ಕೋತಿದ್ದೆ."

ಹೌದು ಎಂದೆ. ಕೆಂಗೇರಿಯಲ್ಲಿ ಇಳಿಯುವಾಗ ಆಕೆಯ ಎಡತೋಳನ್ನು ನಾನು ಹಿಡಿದೆ, ಬಲತೋಳನ್ನು ಅವರು.